ಅಡುಗೆಮನೆಗೊಂದು ಮಡಚುವ ಹಲಗೆ

ಮೈಸೂರಿನ 20X30 ಸೈಟಿನ ಮನೆಯಲ್ಲಿ ಅಡುಗೆಮನೆಗೆ ಮೇಜು ತೂರಿಸಲು ಹೋಗಬೇಡಿ. ಗೋಡೆಗೆ ಮಡಚುವ ಹಲಗೆ ಹಾಕಿಸಿದರೆ ಇಬ್ಬರು ಕೂತು ದೋಸೆ ತಿನ್ನಬಹುದು, ಸೊಪ್ಪು ಬಿಡಿಸಬಹುದು.

ಇಬ್ಬರಿಗೆ 4 ಅಡಿ ಉದ್ದ, 15 ಇಂಚು ಅಗಲ ಸಾಕು. ಎತ್ತರ ಒಲೆಕಟ್ಟೆಯಷ್ಟೇ ಇರಲಿ, ಅಂದರೆ 32ರಿಂದ 34 ಇಂಚು. ಸ್ಟೂಲು ಅದಕ್ಕಿಂತ 11 ಇಂಚು ತಗ್ಗಿರಬೇಕು. ಅಂಗಡಿಯಲ್ಲಿ ಮೊದಲು ತೋರಿಸುವ 30 ಇಂಚಿನ ಬಾರ್ ಸ್ಟೂಲ್ ತಂದರೆ ತೊಡೆ ಒಳಗೆ ಹೋಗುವುದೇ ಇಲ್ಲ.

ಹಲಗೆಗೆ ಗ್ರಾನೈಟ್ ಬೇಡ. 18 ಮಿ.ಮೀ. ದಪ್ಪದ ಚಾಮರಾಜನಗರದ ಕರಿಕಲ್ಲು ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ದಿನಾ ಎತ್ತಿ ಇಳಿಸುವವರು ಯಾರು? ಐಎಸ್ 710 ಮುದ್ರೆಯ, ಅಂದರೆ ನೀರು ತಡೆಯುವ ಮರೀನ್ ದರ್ಜೆಯ, 18 ಮಿ.ಮೀ. ಪ್ಲೈವುಡ್ ತನ್ನಿ. ಅಗ್ಗದ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ, ಅದಕ್ಕೆ ಯಾವ ಮೈಕಾ ಅಂಟಿಸಿದರೂ ಅಷ್ಟೇ.

ಕೆಲಸ ಕೆಡುವುದು ಹಲಗೆ ಹೊರುವ ಬ್ರಾಕೆಟ್ ಕೂರಿಸುವ ಗೋಡೆಯಲ್ಲಿ. ಟೈಲ್ಸ್, ಅದರ ಹಿಂದಿನ ಸಿಮೆಂಟು, ಪ್ಲಾಸ್ಟರು ಸೇರಿದರೆ ಒಂದೂವರೆ ಇಂಚು ಅಲ್ಲೇ ಮುಗಿಯಿತು. ಎರಡಿಂಚಿನ ಫಾಸ್ಟ್ನರ್ (ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟ್) ಇಟ್ಟಿಗೆಯನ್ನು ಮುಟ್ಟಿರುವುದೇ ಅರ್ಧ ಇಂಚು. ಕನಿಷ್ಠ ಮೂರೂವರೆ ಇಂಚಿನದು ಕೇಳಿ ತನ್ನಿ. ಸ್ವಿಚ್‌ಬೋರ್ಡ್, ನಲ್ಲಿಗಳ ನೇರಕ್ಕೆ ಮೇಲೆ ಕೆಳಗೆ ತೂತು ಬೇಡ, ಒಳಗೆ ವೈರು, ಪೈಪು ಇರುತ್ತವೆ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿಯೇ ಕೊರೆಯಿರಿ. ಆಮೇಲೆ ಆನ್ ಮಾಡಿ. ಬಿಟ್ಟಿನಿಂದ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು. ಬೂದು ಪುಡಿ ಬರುತ್ತಿದ್ದು ಬಿಟ್ ತಟಕ್ಕನೆ ಒಳಗೆ ಜಾರಿದರೆ ಅದು ಹಾಲೋ ಬ್ಲಾಕ್. ಅಲ್ಲಿ ಫಾಸ್ಟ್ನರ್ ನಿಲ್ಲದು, ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಗೋಡೆ ತೂರಿ ಆಚೆ ಬರುವ ಬೋಲ್ಟ್ ಹಾಕಬೇಕು. ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಫಾಸ್ಟ್ನರ್ ಹಿಡಿಯುವುದಿಲ್ಲ. ಮರದ ಗೂಟ ಹೊಡೆದು ವೈಟ್ ಸಿಮೆಂಟ್ ಮೆತ್ತುತ್ತೇನೆ ಅನ್ನುವ ಬಡಗಿಗೆ ಕಾಫಿ ಕೊಟ್ಟು ಕಳಿಸಿ.

ಮಡಚುವ ಬ್ರಾಕೆಟ್ ಎರಡೇ ಸಾಕು, ಎರಡೂ ತುದಿಯಿಂದ 8 ಇಂಚು ಒಳಗೆ. ಮೂರು ಹಾಕಿದರೆ ಮಡಚುವಾಗ ಮೂರರ ಲಿವರ್ ಒಟ್ಟಿಗೆ ಒತ್ತಲು ಒಬ್ಬರಿಗೆ ಕೈ ಸಾಲದು. ಹಲಗೆ ಬಾಗದಂತೆ ಮುಂದಿನ ಅಂಚಿನಡಿ ಒಂದು ಇಂಚಿನ ಮರದ ಪಟ್ಟಿ ಕೊಡಿ. ಹಲಗೆಯನ್ನು ಬ್ರಾಕೆಟ್ಟಿಗೆ ಬಿಗಿಯುವ ಸ್ಕ್ರೂ 16 ಮಿ.ಮೀ. ಮೀರಿದರೆ ಮೈಕಾ ಮೇಲಕ್ಕೇಳುತ್ತದೆ.

ಕೊನೆಗೆ 25 ಕೆ.ಜಿ. ಅಕ್ಕಿ ಮೂಟೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬ್ರಾಕೆಟ್ಟಿನ ಮೇಲ್ತುದಿ ಟೈಲ್ಸಿನಿಂದ ಕಾಗದ ತೂರುವಷ್ಟು ಬಿಟ್ಟಿದ್ದರೆ ಮೇಲಿನ ಬೋಲ್ಟ್ ಜಾರಿದೆ. ಅದೇ ತೂತಿಗೆ ತುರುಕಬೇಡಿ, ಮೂರಿಂಚು ಸರಿದು ಹೊಸದು ಕೊರೆಯಿರಿ.