‘ಹೂಂ ಸರ್’ ಅಂದದ್ದೇ ತಪ್ಪಾಯಿತು

ನಮ್ಮ ಕಡೆ ಫೋನಿನಲ್ಲಿ ‘ಹೂಂ’ ಅಂದರೆ ಒಪ್ಪಿದೆ ಅಂತ ಅಲ್ಲ. ಕೇಳಿಸ್ತಿದೆ, ಮುಂದೆ ಹೇಳಿ ಅಂತ, ಅಷ್ಟೇ. ಸಿಂಧನೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಂಗಾವತಿಯಲ್ಲಿದ್ದ ಏರಿಯಾ ಮ್ಯಾನೇಜರ್ ಮೈಸೂರು ಕಡೆಯವರು.

ನಾನು ಟ್ರ್ಯಾಕ್ಟರ್ ಸಾಲ ಕೊಡುವ ಫೈನಾನ್ಸ್ ಕಂಪನಿಯೊಂದರ ಸಿಂಧನೂರು ಬ್ರಾಂಚಿನಲ್ಲಿ ಏಳು ವರ್ಷ ಕಲೆಕ್ಷನ್, ಅಂದರೆ ಕಂತು ವಸೂಲಿ, ಮಾಡಿದವನು. 2024ರ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ನಮ್ಮ ಕಂಪನಿಯಿಂದಲೇ ಎರಡು ಫೋನ್ ಬಂದವು. ಗಂಗಾವತಿಯವರು ಬ್ರಾಂಚ್ ಮ್ಯಾನೇಜರ್ ಆಗಿ ಬನ್ನಿ ಅಂದರು. ಬಳ್ಳಾರಿ ರೀಜನಲ್ ಆಫೀಸಿನವರು ಸಾಲ ಕೊಡಬೇಕೋ ಬೇಡವೋ ಅಂತ ಫೈಲು ನೋಡುವ ಕ್ರೆಡಿಟ್ ವಿಭಾಗಕ್ಕೆ ಬನ್ನಿ ಅಂದರು. ಇಬ್ಬರಿಗೂ ನಾನು ಖುಷಿಯಲ್ಲಿ ‘ಹೂಂ ಸರ್, ಹೂಂ ಸರ್’ ಅಂದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಫೀಸಿನಲ್ಲಿ ಬಾಯಿ ಬಿಡಲಿಲ್ಲ.

ಮೂರನೇ ದಿನ ಬೆಂಗಳೂರಿನಿಂದ ಎಚ್‌ಆರ್ ಫೋನ್. ‘ಎರಡಕ್ಕೂ ಒಪ್ಪಿದ್ದೀರಂತೆ, ಯಾವುದಕ್ಕೆ ಲೆಟರ್ ಮಾಡಲಿ?’ ಗಂಗಾವತಿಯವರು ಆಗಲೇ ಮೇಲ್ ಹಾಕಿಬಿಟ್ಟಿದ್ದರು. ಬೆವರು ಇಳಿಯಿತು.

ಹೊರಗಿನ ಎರಡು ಕಂಪನಿಗಳ ಆಫರ್ ಆಗಿದ್ದರೆ ಒಂದನ್ನು ತೋರಿಸಿ ಇನ್ನೊಂದರಲ್ಲಿ ಸಂಬಳ ಏರಿಸಿಕೊಳ್ಳಬಹುದು. ಒಂದೇ ಕಂಪನಿಯಲ್ಲಿ ಆ ಆಟ ನಡೆಯಲ್ಲ. ಆ ಇಬ್ಬರೂ ಪ್ರತಿ ಸೋಮವಾರ ಒಂದೇ ರಿವ್ಯೂ ಕಾಲ್‌ನಲ್ಲಿ ಕೂರುತ್ತಾರೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೋಗಿಯೇ ಹೋಗುತ್ತದೆ. ಅದಕ್ಕೆ ನಾವೇ ಮೊದಲು ಹೇಳಿಬಿಡಬೇಕು.

ನಾನು ಮೊದಲು ಹೋದದ್ದು ನನ್ನ ಬ್ರಾಂಚ್ ಮ್ಯಾನೇಜರ್ ಹತ್ತಿರ. ಬಸ್ ಸ್ಟ್ಯಾಂಡ್ ಎದುರು ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ ಕೂತೆವು. ಅವರು ಮಿರ್ಚಿ ಮುಟ್ಟಲೇ ಇಲ್ಲ. ‘ಏನಪಾ, ಊರಿಗೆಲ್ಲ ಗೊತ್ತಾದ ಮ್ಯಾಲೆ ನನಗ ಹೇಳಾಕ ಬಂದೀಯೇನು?’ ಅಂದರು. ಉತ್ತರ ಇರಲಿಲ್ಲ. ತಪ್ಪಾಯ್ತು ಸರ ಅಂದೆ. ಇವತ್ತಿಗೂ ನನಗೆ ಚುಚ್ಚುವುದು ಅದೊಂದೇ. ರಿಲೀವ್ ಮಾಡಬೇಕಾದವರು ಅವರು. ಅವರಿಗೆ ಮೊದಲ ದಿನವೇ ಹೇಳಬೇಕಿತ್ತು.

ಅಂದು ಸಂಜೆಯೇ ಇಬ್ಬರಿಗೂ ಫೋನ್ ಮಾಡಿದೆ. ಎರಡೂ ಆಫರ್ ಇವೆ, ಇನ್ನೂ ಯಾವುದಕ್ಕೂ ಒಪ್ಪಿಲ್ಲ, ಹತ್ತು ದಿನ ಕೊಡಿ, ಮುಂದಿನ ಶುಕ್ರವಾರ ನಾನೇ ಹೇಳುತ್ತೇನೆ ಅಂದೆ. ಅದನ್ನೇ ಮೂರು ಸಾಲಿನಲ್ಲಿ ಬರೆದು ಎಚ್‌ಆರ್ ಸೇರಿಸಿ ಮೇಲ್ ಹಾಕಿದೆ. ಬಳ್ಳಾರಿಯವರು ಸುಮ್ಮನೆ ‘ಆಯ್ತು’ ಅಂದರು. ಗಂಗಾವತಿಯವರು ಮೇಲ್‌ಗೆ ಉತ್ತರವನ್ನೇ ಕೊಡಲಿಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆ. ಕಂಪನಿ ಬದಲಾಗದ್ದರಿಂದ ಪಿಎಫ್, ಗ್ರಾಚ್ಯುಟಿ ವರ್ಷಗಳ ಚಿಂತೆ ಇಲ್ಲ. ತಲೆನೋವು ಇನ್ಸೆಂಟಿವ್‌ದು, ಅಂದರೆ ಕಂತು ವಸೂಲಾದ ಹಾಗೆ ಸಂಬಳದ ಮೇಲೆ ಸಿಗುವ ದುಡ್ಡಿನದು. ಗಂಗಾವತಿಯಲ್ಲಿ ಇನ್ಸೆಂಟಿವ್ ಇತ್ತು, ಬಳ್ಳಾರಿ ಕ್ರೆಡಿಟ್ಟಿನಲ್ಲಿ ಇರಲಿಲ್ಲ, ಮೂಲ ಸಂಬಳ ಮಾತ್ರ ಸ್ವಲ್ಪ ಜಾಸ್ತಿ. ಗಂಗಾವತಿಯವರು ಒಳ್ಳೆಯ ತಿಂಗಳಿನ ಇನ್ಸೆಂಟಿವ್ ತೋರಿಸಿದ್ದರು. ನಾನು ನನ್ನ ಎರಡು ವರ್ಷದ ಪೇ ಸ್ಲಿಪ್ ತೆಗೆದು ತಿಂಗಳ ಸರಾಸರಿ ಹಾಕಿದೆ.

ನಮ್ಮಲ್ಲಿ ಕಂತು ಬರುವುದು ಕಾಲುವೆಯಲ್ಲಿ ನೀರು ಬಂದರೆ. ಸಿಂಧನೂರು, ಗಂಗಾವತಿ ಎರಡೂ ತುಂಗಭದ್ರಾ ಎಡದಂಡೆಯ ಭತ್ತದ ಸೀಮೆ. ಆ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿ ಹೋಯಿತಲ್ಲ, ಮರುದಿನ ಫೀಲ್ಡಿಗೆ ಹೋದರೆ ರೈತರು ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ನದಿ ನೋಡುತ್ತಿದ್ದರು. ಕಂತು ಕೇಳಲು ನನಗೇ ಬಾಯಿ ಬರಲಿಲ್ಲ. ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು, ಸರಿ. ಆದರೆ ಆ ತಿಂಗಳ ನನ್ನ ಇನ್ಸೆಂಟಿವ್ ಸೊನ್ನೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಗ ಬ್ರಾಂಚ್ ಮ್ಯಾನೇಜರನಿಗೆ ಇನ್ಸೆಂಟಿವ್ ಇಲ್ಲ ಅನ್ನುವುದಷ್ಟೇ ಅಲ್ಲ, ರಾತ್ರಿ ನಿದ್ದೆಯೂ ಇಲ್ಲ. ಸರಾಸರಿ ಹಾಕಿದ ಮೇಲೆ ಎರಡು ಆಫರ್‌ಗಳ ನಡುವೆ ಉಳಿದದ್ದು ತಿಂಗಳಿಗೆ ಎರಡು ಸಾವಿರವೂ ಇಲ್ಲ.

ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದ್ದೆ. ಈ ಕುರ್ಚಿಯಲ್ಲಿ ಮೊದಲಿದ್ದವರು ಎಲ್ಲಿ ಹೋದರು? ಬಳ್ಳಾರಿಯವರು ಹೆಸರು ಹೇಳಿ, ಫೋನ್ ನಂಬರನ್ನೂ ಕೊಟ್ಟರು. ಅವರು ಬಡ್ತಿ ಪಡೆದು ಹುಬ್ಬಳ್ಳಿಗೆ ಹೋಗಿದ್ದರು. ಗಂಗಾವತಿಯವರು ಮಾತು ತೇಲಿಸಿದರು. ವಿಚಾರಿಸಿದರೆ ಮೂರು ವರ್ಷಕ್ಕೆ ಮೂವರು ಬದಲಾಗಿದ್ದರು.

ಇನ್ನೊಂದು ಕಾರಣವೂ ಇತ್ತು. ಏಳು ವರ್ಷ ಬೇರೆಯವರು ಕೊಟ್ಟ ಸಾಲದ ಹಿಂದೆ ಬೈಕ್ ಓಡಿಸಿದ್ದೆ. ಪಹಣಿಯಲ್ಲಿ ನಾಲ್ಕು ಎಕರೆ ಇದೆ ಅಂತ ಸಾಲ ಕೊಟ್ಟಿರುತ್ತಾರೆ, ಹೋಗಿ ನೋಡಿದರೆ ಅದು ಕಾಲುವೆಯ ಕೊನೆಯ ಭಾಗ, ನೀರು ಮುಟ್ಟುವುದೇ ಇಲ್ಲ. ಆ ಫೈಲಿಗೆ ಸಹಿ ಹಾಕುವಾಗ ಯಾರೂ ಇದನ್ನು ಕೇಳಲ್ವಾ ಅಂತ ಸಿಟ್ಟು ಬರುತ್ತಿತ್ತು. ಕೇಳುವ ಕುರ್ಚಿ ಸಿಕ್ಕಿತ್ತು.

ಶುಕ್ರವಾರ ಬಳ್ಳಾರಿಗೆ ಹೂಂ ಅಂದೆ. ಈ ಸಲ ಬರೆದು. ಹುದ್ದೆ, ಗ್ರೇಡ್, ಸೇರುವ ದಿನ, ಅಲ್ಲಿಯವರೆಗಿನ ಇನ್ಸೆಂಟಿವ್ ಕೊಡುತ್ತಾರಾ ಅನ್ನುವುದು, ಎಲ್ಲ ಮೇಲ್‌ನಲ್ಲಿ ಬಂದ ಮೇಲೆಯೇ. ಇನ್ಸೆಂಟಿವ್ ಕೇಳದಿದ್ದರೆ ಎರಡು ತಿಂಗಳದ್ದು ಹೋಗುತ್ತಿತ್ತು.

ಗಂಗಾವತಿಗೆ ಇಲ್ಲ ಅನ್ನಲು ಫೋನ್ ಮಾಡಲಿಲ್ಲ. ಕಾರಟಗಿ ದಾರಿಯಲ್ಲಿ ಬಸ್ ಹತ್ತಿ ಹೋದೆ. ಅವರು ಹತ್ತು ನಿಮಿಷ ಬೇರೆಯವರ ಜೊತೆ ಮಾತಾಡುತ್ತ ನನ್ನನ್ನು ಕೂರಿಸಿದರು. ಆಮೇಲೆ ಚಹಾ ಹೇಳಿದರು. ‘ಫೋನಲ್ಲಿ ಹೂಂ ಅಂದ್ರಲ್ರೀ’ ಅಂದರು. ನಮ್ಮ ಹೂಂ ಏನು ಅಂತ ವಿವರಿಸಿದೆ. ನಗಲಿಲ್ಲ.

ಈಗ ಗಂಗಾವತಿಯ ಸಾಲದ ಫೈಲುಗಳು ನನ್ನ ಟೇಬಲ್ಲಿಗೇ ಬರುತ್ತವೆ. ಹೋದ ತಿಂಗಳು ಒಂದು ಫೈಲಿನ ಬಗ್ಗೆ ಅವರೇ ಫೋನ್ ಮಾಡಿದರು. ಗಿರಾಕಿ ಒಳ್ಳೆಯವನು, ಎರಡು ಬೆಳೆ ತೆಗೀತಾನೆ ಅಂತೆಲ್ಲ ಹೇಳಿದರು. ನಾನು ಅಭ್ಯಾಸಬಲದಿಂದ ‘ಹೂಂ ಸರ್, ಹೂಂ ಸರ್’ ಅನ್ನುತ್ತಲೇ ಇದ್ದೆ. ಅವರು ತಟ್ಟನೆ ನಿಲ್ಲಿಸಿದರು. ‘ಇದು ಯಾವ ಹೂಂ ರೀ? ಸಿಂಧನೂರು ಹೂಂ ಅಲ್ವಾ?’