ಪದವಿನ ಮೈದಾನದಿಂದ ಬಾಬ್‌ಸ್ಲೇ ಪೈಲಟ್ ಸೀಟಿಗೆ

ಬಾಬ್‌ಸ್ಲೇ ಎಂದರೆ ಸ್ಲೆಡ್ ಎಂಬ ಜಾರುಗಾಡಿಯನ್ನು ತಳ್ಳಿ, ಹತ್ತಿ ಕೂತು, ಹಿಮದ ಇಳಿಜಾರು ಟ್ರ್ಯಾಕಿನಲ್ಲಿ ಜಾರುವ ಆಟ. ಇದರಲ್ಲಿ ಗಾಡಿ ತಿರುಗಿಸುವ ಪೈಲಟ್ ಆಗಬೇಕಾದರೆ ಮೊದಲು ತಳ್ಳಲು ಕಲಿಯಬೇಕು. ತಿರುಗಿಸುವ ಹಗ್ಗ ಹಿಡಿಯುವುದು ಆಮೇಲೆ. ಕೆನಡಾಕ್ಕೂ ಅಮೆರಿಕಕ್ಕೂ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ ಕೈಲಿ ಹಂಫ್ರೀಸ್ ಈ ಆಟಕ್ಕೆ ಬಂದದ್ದು ಹಿಂದೆ ನಿಂತು ತಳ್ಳುವ ಬ್ರೇಕ್‌ವುಮನ್ ಆಗಿ. ಎಲಾನಾ ಮೇಯರ್ಸ್ ಟೇಲರ್ ಕೂಡ 2010ರಲ್ಲಿ ಹಿಂದಿನಿಂದ ತಳ್ಳಿ ಕಂಚು ಗೆದ್ದು, ಆಮೇಲೆ ಪೈಲಟ್ ಆದರು. 2004ರಲ್ಲಿ 100 ಮೀಟರ್ ಓಟದ ಬೆಳ್ಳಿ ಗೆದ್ದಿದ್ದ ಲಾರಿನ್ ವಿಲಿಯಮ್ಸ್ 2014ರಲ್ಲಿ ಬಾಬ್‌ಸ್ಲೇ ಬೆಳ್ಳಿಯನ್ನೂ ಪಡೆದರು. ಹಾಗಾಗಿ ಕಾಸರಗೋಡಿನ ಓಟಗಾರರಿಗೂ ಗಟ್ಟಿ ತೊಡೆಯ ಕಬಡ್ಡಿ ಆಟಗಾರರಿಗೂ ಈ ದಾರಿ ತೆರೆದೇ ಇದೆ.

ಭಾರತದಲ್ಲಿ ಹಿಮದ ಟ್ರ್ಯಾಕ್ ಇಲ್ಲ. ಏಷ್ಯಾದಲ್ಲಿ ಕೊರಿಯಾದ ಪ್ಯೊಂಗ್‌ಚಾಂಗ್, ಚೀನಾದ ಯಾನ್‌ಚಿಂಗ್‌ಗಳಲ್ಲಿವೆ. ಆದರೆ ತಳ್ಳುವ ಅಭ್ಯಾಸಕ್ಕೆ ಹಿಮ ಬೇಕಿಲ್ಲ. 2018ರ ಒಲಿಂಪಿಕ್ಸ್‌ಗೆ ಹೋದ ನೈಜೀರಿಯಾದ ಮಹಿಳೆಯರು ಶುರು ಮಾಡಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ತಾವೇ ಕಟ್ಟಿಕೊಂಡ ಮರದ ಗಾಡಿಯೊಂದಿಗೆ.

ನಿಮ್ಮೂರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಆಂಗಲ್‌ನಿಂದ ನಾಲ್ಕು ಚಕ್ರದ ತಗ್ಗು ಗಾಡಿ ಮಾಡಿಸಿ. ಹಿಂದೆ ಸೊಂಟದ ಎತ್ತರಕ್ಕೆ ಎರಡು ಹಿಡಿ, ಎಡಬದಿಯಲ್ಲಿ ಒಂದು ತೋಳು ಇರಲಿ. ಇಬ್ಬರ ಸ್ಲೆಡ್‌ನಲ್ಲಿ ಪೈಲಟ್ ತಳ್ಳುವುದು ಎಡಬದಿಯಿಂದ. 50 ಕಿಲೋ ಹೊಯಿಗೆಯ ಒಂದು ಮೂಟೆಯಿಂದ ಆರಂಭಿಸಿ. ಓಟದ ಹೆಜ್ಜೆ ನಡಿಗೆಯ ಹೆಜ್ಜೆಯಾಯಿತೆಂದರೆ ಭಾರ ಹೆಚ್ಚಾಯಿತು, ಇಳಿಸಿ. ಪದವಿನ ಸಮತಟ್ಟು ಮೈದಾನದಲ್ಲಿ ಬೆಳಗ್ಗೆ, ವಾರಕ್ಕೆ ಎರಡು ದಿನ, 30 ಮೀಟರಿನ ಆರು ಓಟ ಸಾಕು. ನಡುವೆ ನಾಲ್ಕು ನಿಮಿಷ ಪೂರ್ತಿ ವಿಶ್ರಾಂತಿ. ಆಟಿಯ ಮಳೆಗೆ ಮುರಕಲ್ಲು ಹಾಸು ಪಾಚಿಗಟ್ಟಿ ಜಾರುತ್ತದೆ, ಆಗ ಗಾಡಿ ಬಿಟ್ಟು ಸ್ಕ್ವಾಟ್, ನಿಂತಲ್ಲಿಂದ ಉದ್ದ ಜಿಗಿತ ಮಾಡಿ. ಇಳಿಜಾರಿನ ಡಾಮರು ರಸ್ತೆಗೆ ಈ ಗಾಡಿಯನ್ನು ಯಾವತ್ತೂ ಒಯ್ಯಬೇಡಿ.

ಕಂಬಳದಲ್ಲಿ ಕೋಣ ಎಳೆಯುತ್ತದೆ, ಓಟಗಾರನ ಮೈ ಹಿಂದಕ್ಕೆ ವಾಲಿರುತ್ತದೆ. ಇಲ್ಲಿ ತದ್ವಿರುದ್ಧ: ಮೈ ಮುಂದಕ್ಕೆ ಬಾಗಬೇಕು, ಕೈ ನೇರವಿರಬೇಕು, ಶಕ್ತಿ ಪಾದದಿಂದ ಬರಬೇಕು. ಸಾಮಾನ್ಯ ತಪ್ಪು ಬೇಗನೆ ನೆಟ್ಟಗಾಗುವುದು. ಆಗ ಬಲವೆಲ್ಲ ಕೆಳಕ್ಕೆ ಹೋಗಿ ಸ್ಲೆಡ್ ಮುಂದೆ ಹೋಗುವುದಿಲ್ಲ. ಇನ್ನೊಂದು ತಪ್ಪು ತಡವಾಗಿ ಹತ್ತುವುದು: ಸ್ಲೆಡ್ ನಿಮ್ಮ ಕಾಲಿಗಿಂತ ವೇಗ ಪಡೆದ ಮೇಲೂ ಹಿಡಿದುಕೊಂಡರೆ ನೀವೇ ಅದಕ್ಕೆ ಬ್ರೇಕ್. ಟ್ರ್ಯಾಕಿನಲ್ಲಿ ಮೊದಲ 15 ಮೀಟರ್ ಗಡಿಯಾರಕ್ಕೆ ಸೇರದು, ಮುಂದಿನ 50 ಮೀಟರಿಗೆ ಸುಮಾರು 5 ಸೆಕೆಂಡು. ಮೇಲೆ ಕಳೆದುಕೊಂಡ 0.1 ಸೆಕೆಂಡು ಕೆಳಗೆ ತಲುಪುವಾಗ 0.3 ಆಗುತ್ತದೆ ಎಂಬುದು ಕೋಚುಗಳ ಲೆಕ್ಕ.

ತೂಕವನ್ನೂ ಗಮನಿಸಿ. ಪುರುಷರ ಸ್ಪರ್ಧೆಯಲ್ಲಿ ಆಳುಗಳೂ ಸೇರಿ ಇಬ್ಬರ ಸ್ಲೆಡ್ 390 ಕಿಲೋ, ನಾಲ್ವರದು 630 ಕಿಲೋ ಮೀರಬಾರದು. ತಂಡ ಹಗುರವಾದರೆ ಸ್ಲೆಡ್‌ಗೆ ಭಾರ ಕಟ್ಟಬಹುದು, ಆದರೆ ಆ ಭಾರವನ್ನೂ ತಳ್ಳಬೇಕಲ್ಲ! ವೇಗವಿರುವ ದಪ್ಪ ಆಳಿಗೆ ಬೆಲೆ ಹೆಚ್ಚು.

ಪೈಲಟ್ ಶಾಲೆ ಸೇರಿದವರನ್ನು ತುದಿಯಿಂದ ಇಳಿಸುವುದಿಲ್ಲ, ಟ್ರ್ಯಾಕಿನ ಕೆಳಗಿನ ಹಂತದಿಂದ ಬಿಡುತ್ತಾರೆ. ಕೈಯಲ್ಲಿರುವುದು ಎರಡು ಬಳೆ. ಅವುಗಳ ಹಗ್ಗ ಸ್ಲೆಡ್ ಅಡಿಯಲ್ಲಿ ಹಿಮದ ಮೇಲೆ ಜಾರುವ ಮುಂದಿನ ಉಕ್ಕಿನ ಪಟ್ಟಿಗಳನ್ನು ತಿರುಗಿಸುತ್ತದೆ. ಎಳೆತ ಬಹಳ ಸಣ್ಣದು. ಹೆಚ್ಚು ಎಳೆದರೆ ಪಟ್ಟಿ ಹಿಮವನ್ನು ಕೆರೆದು ವೇಗ ತಿನ್ನುತ್ತದೆ. ಹೊಸಬರು ಭಯಕ್ಕೆ ಎಳೆಯುತ್ತಲೇ ಇರುತ್ತಾರೆ. ತಿರುವಿನಿಂದ ಹೊರಬರುವಾಗ ಸ್ಲೆಡ್ ಗೋಡೆಯ ಮೇಲೆ ಎತ್ತರದಲ್ಲೇ ಉಳಿದರೆ ಮಗುಚುತ್ತದೆ. ಮಗುಚಿದರೆ ತಲೆ ತಗ್ಗಿಸಿ ಒಳಗೇ ಇರಿ, ನಿಲ್ಲುವವರೆಗೆ ಹಿಡಿ ಬಿಡಬೇಡಿ. ಹೊರಬಿದ್ದ ಮೈಯನ್ನು ಹಿಮ ಸುಟ್ಟಂತೆ ತರಚುತ್ತದೆ.

ದಿನಕ್ಕೆ ಸಿಗುವ ಇಳಿತಗಳು ಬೆರಳೆಣಿಕೆಯವು. ಅದಕ್ಕೇ ಪೈಲಟ್‌ಗಳು ಇಳಿಯುವ ಮೊದಲು ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ನೋಡಿ ಬರುತ್ತಾರೆ, ಪ್ರತಿ ತಿರುವಿನ ಪ್ರವೇಶ, ಎತ್ತರ, ಹೊರದಾರಿ ಬರೆದುಕೊಳ್ಳುತ್ತಾರೆ. ಈ ಕೆಲಸವನ್ನು ಮನೆಯ ಜಗಲಿಯಲ್ಲೇ ಶುರು ಮಾಡಬಹುದು. ಪೈಲಟ್ ಕಡೆಯಿಂದ ತೆಗೆದ ವಿಡಿಯೋ ನೋಡಿ ತಿರುವುಗಳನ್ನು ಬಾಯಿಪಾಠ ಮಾಡಿ. ಸ್ಟಾಪ್‌ವಾಚ್ ಒತ್ತಿ, ಕಣ್ಣು ಮುಚ್ಚಿ, ಕೈ ಆಡಿಸುತ್ತ ಇಳಿಯಿರಿ. ಒಂದು ನಿಮಿಷದ ಓಟ ಮನಸ್ಸಿನಲ್ಲಿ 45 ಸೆಕೆಂಡಿಗೆ ಮುಗಿದರೆ ಯಾವುದೋ ತಿರುವು ಬಿಟ್ಟುಹೋಗಿದೆ. ಯಾವುದೆಂದು ಹುಡುಕಿ, ಮತ್ತೆ ಮೇಲಿನಿಂದ ಇಳಿಯಿರಿ.