ಕಲಬುರಗಿಯಲ್ಲಿ ಕೂತು ಕಡಲಿನ ಫ್ಲೈ ಗಾಳ ಆರಿಸಿದ್ದು

ಕಲಬುರಗಿಯವನಿಗೆ ಸಮುದ್ರದ ಗಾಳ ಯಾಕಪ್ಪಾ ಅಂತ ಕೇಳುವವರು ಜಾಸ್ತಿ. ಕಾರವಾರ ಇಲ್ಲಿಂದ ಹತ್ತಿರ ಹತ್ತಿರ 500 ಕಿಲೋಮೀಟರ್. ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಆದರೆ ಹುಚ್ಚು ಹಿಡಿದ ಮೇಲೆ ದೂರ ಯಾರು ನೋಡುತ್ತಾರೆ? ನಿಜವಾದ ತೊಂದರೆ ಬೇರೆ ಇತ್ತು. ಫ್ಲೈ ರಾಡ್ ಕೈಯಲ್ಲಿ ಹಿಡಿದು, ಬಾಗಿಸಿ ನೋಡಿ ಕೊಳ್ಳುವ ಅಂಗಡಿ ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಎಲ್ಲಾ ಆನ್‌ಲೈನ್‌ನಲ್ಲೇ ತರಿಸಬೇಕು. ಅದಕ್ಕೇ ಒಂದೊಂದನ್ನೂ ಯಾಕೆ ಬೇಕು ಅಂತ ಯೋಚಿಸಿಯೇ ಕೊಂಡೆ.

ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಉಲ್ಟಾ. ತುದಿಯಲ್ಲಿರುವುದು ಕೂದಲು, ಗರಿ ಕಟ್ಟಿದ ಹಗುರ ಕೊಕ್ಕೆ, ಅದೇ ಫ್ಲೈ. ತೂಕ ಇರುವುದು ದಪ್ಪನೆಯ ದಾರದಲ್ಲಿ, ಅಂದರೆ ಲೈನಿನಲ್ಲಿ. ಅದನ್ನು ಹಿಂದೆ ಮುಂದೆ ಬೀಸಿ ಬಿಟ್ಟರೆ ಕೊಕ್ಕೆ ಅದರ ಬೆನ್ನಿಗೇ ಹೋಗುತ್ತದೆ. ಅಂದಮೇಲೆ ಆರಿಸುವುದನ್ನು ಲೈನಿನಿಂದಲೇ ಶುರು ಮಾಡಬೇಕು. ಎಲ್ಲರೂ ರಾಡಿನಿಂದ ಶುರು ಮಾಡುತ್ತಾರೆ, ರೊಕ್ಕ ಅಲ್ಲೇ ಖಾಲಿಯಾಗುತ್ತದೆ, ಕೊನೆಗೆ ಸಿಕ್ಕ ಅಗ್ಗದ ಲೈನು ಸುತ್ತಿಕೊಂಡು ಹೋಗುತ್ತಾರೆ.

ಲೈನಿಗೂ ರಾಡಿಗೂ ಒಂದೇ ನಂಬರು ಇರುತ್ತದೆ. ತುದಿಯ ಸಪೂರ ಭಾಗ ಬಿಟ್ಟು ಮೊದಲ 30 ಅಡಿ ಲೈನಿನ ತೂಕದ ಮೇಲೆ ಆ ನಂಬರು. 8ಕ್ಕೆ 210 ಗ್ರೇನ್, 9ಕ್ಕೆ 240, 10ಕ್ಕೆ 280. ಗ್ರಾಂ ಲೆಕ್ಕದಲ್ಲಿ 13.6, 15.5, 18.1. ದಡದಿಂದ ಹಿಡಿಯುವವರಿಗೆ 8ರಿಂದ 10ರ ಒಳಗೆ ಸಾಕು. 12ರದ್ದು ದೊಡ್ಡ ಟ್ರೆವಲಿ ಮೀನಿನ ಬೆನ್ನತ್ತಿ ಹೋಗುವವರಿಗೆ, ನನಗಲ್ಲ. ನಾನು 9 ಆರಿಸಿಕೊಂಡೆ. ಮೀನಿನ ಗಾತ್ರ ನೋಡಿ ಅಲ್ಲ, ಗಾಳಿ ನೋಡಿ. ಕಡಲ ದಡದಲ್ಲಿ ಹೊತ್ತೇರಿದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಮುಖಕ್ಕೇ ಹೊಡೆಯುತ್ತದೆ. ಹಗುರ ಲೈನು ಅದನ್ನು ಸೀಳುವುದಿಲ್ಲ. 10ರದ್ದು ಸೀಳುತ್ತದೆ, ಆದರೆ ಒಂದೆರಡು ತಾಸು ಬೀಸಿದ ಮೇಲೆ ಭುಜ ಉಳಿಯಬೇಕಲ್ಲ?

ಲೈನು ಬಂದ ಮೇಲೆ ಡಬ್ಬಿ ಮೇಲಿನ ನಂಬರು ನಂಬದೆ ಸರಾಫ್ ಬಜಾರಿಗೆ ಹೋದೆ. ಕಂಪನಿಗಳು ಎಷ್ಟೋ ಸಲ ಅರ್ಧ ನಂಬರು, ಒಂದು ನಂಬರು ಭಾರವಾಗಿಯೇ ಮಾಡುತ್ತವೆ. ಅಡುಗೆಮನೆ ತಕ್ಕಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಬಂಗಾರದ ಕಾಟಾನೇ ಬೇಕು. ಅಳೆದು ಗುರುತು ಮಾಡಿದ್ದ 30 ಅಡಿಯನ್ನು ಸಿಂಬಿ ಸುತ್ತಿ ತಟ್ಟೆಯ ಮೇಲೆ ಇಟ್ಟೆ. ಉಳಿದ ಸುರುಳಿಯನ್ನು ಭಾರ ಬೀಳದ ಹಾಗೆ ಕೈಯಲ್ಲಿ ಹಿಡಿದು ನಿಂತೆ. ಅಂಗಡಿಯವರು ಗಾಜಿನ ಮುಚ್ಚಳ ಮುಚ್ಚಲಾಗದೆ ಫ್ಯಾನ್ ಆಫ್ ಮಾಡಿಸಿದರು. 17.2 ಗ್ರಾಂ ಬಂತು.

“ಪೌಣೆ ಎರಡು ತೊಲಿ ಹತ್ತಿರ ಆತ್ರಿ ಸರ. ಇದೇನ್ ದಾರ?”

“ಮೀನ ಹಿಡಿಯೋದ್ರಿ.”

“ಇಷ್ಟ ದಪ್ಪ ದಾರ ನೋಡಿ ಮೀನ ಓಡಿ ಹೋಗಂಗಿಲ್ಲೇನ್ರಿ?”

ಸರಿಯಾಗಿಯೇ ಕೇಳಿದರು. ಓಡುತ್ತವೆ. ಅದಕ್ಕೇ ಲೈನಿನ ತುದಿಗೆ ಸುಮಾರು 9 ಅಡಿ ಕಾಣದಂಥ ಸಪೂರ ದಾರ ಕಟ್ಟುವುದು. ಅದಕ್ಕೆ ಲೀಡರ್ ಅನ್ನುತ್ತಾರೆ. ನಾನು ದಪ್ಪ ಭಾಗಕ್ಕೆ 30 ಪೌಂಡು ಭಾರ ತಡೆಯುವುದು, ತುದಿಗೆ 16 ಪೌಂಡಿನ ಫ್ಲೋರೋಕಾರ್ಬನ್ ಕಟ್ಟುತ್ತೇನೆ. ಕಲ್ಲಿಗೆ ಉಜ್ಜಿದರೆ ಅದು ಬೇಗ ಸವೆಯುವುದಿಲ್ಲ. ಬ್ಯಾರಕುಡಾ ಮೀನು ಇರುವ ಕಡೆ ಕೊಕ್ಕೆಯ ಮುಂದೆ ಗೇಣುದ್ದ ತಂತಿ ಬೇಕು, ಇಲ್ಲದಿದ್ದರೆ ಹಲ್ಲಿಗೆ ಸಿಕ್ಕು ಹೋಯಿತು ಅಂತಲೇ ಲೆಕ್ಕ.

ಈಗ ಆ 17.2ಕ್ಕೆ ಬರೋಣ. ಅದು 9ಕ್ಕೂ 10ಕ್ಕೂ ನಡುವಿನ ತೂಕ. ದಡದಲ್ಲಿ ನನಗೆ ಇದು ಅನುಕೂಲವೇ ಆಯಿತು. ಭಾರದ ಲೈನು ರಾಡನ್ನು ಬೇಗ ಬಾಗಿಸುತ್ತದೆ, ಹತ್ತು ಸಲ ಗಾಳಿಯಲ್ಲಿ ಬೀಸುತ್ತಾ ನಿಲ್ಲಬೇಕಿಲ್ಲ. ಎರಡು ಬೀಸು, ಮೂರನೆಯದಕ್ಕೆ ಬಿಟ್ಟುಬಿಡಬಹುದು. ಇದನ್ನೇ ಮೆತ್ತನೆಯ ರಾಡಿಗೆ ಹಾಕಿದ್ದರೆ ಕಷ್ಟವಿತ್ತು. ನನ್ನದು ಬಿರುಸಾದ 9 ಅಡಿ ರಾಡ್. ನಾಲ್ಕು ತುಂಡು ಮಾಡಿದರೆ ಒಂದೊಂದು ಎರಡೂಕಾಲು ಅಡಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಳ್ಳಬಹುದು.

ಲೈನಿನಲ್ಲಿ ಇನ್ನೂ ಎರಡು ವಿಷಯ ನೋಡಬೇಕು. ಒಂದು, ಸೆಕೆ. ತಣ್ಣೀರಿನ ನಾಡುಗಳಿಗೆಂದು ಮಾಡಿದ ಲೈನು ಬಿಸಿಲಿಗೆ ಮೆತ್ತಗಾಗಿ, ಅಂಟಿಕೊಂಡು, ರಿಂಗುಗಳಲ್ಲಿ ಜಾರುವುದೇ ಇಲ್ಲ. ಇದನ್ನು ನೋಡಲು ಕಡಲಿಗೆ ಹೋಗಬೇಕಿಲ್ಲ, ಕಲಬುರಗಿಯ ಏಪ್ರಿಲ್ ಸಾಕು. ಸ್ನೇಹಿತನ ಟ್ರೌಟ್ (ತಣ್ಣೀರಿನ ಮೀನು) ಲೈನನ್ನೂ ಸೆಕೆ ನಾಡಿಗೆಂದು ಮಾಡಿದ ನನ್ನ ಟ್ರಾಪಿಕಲ್ ಲೈನನ್ನೂ ಮಧ್ಯಾಹ್ನ ಮಾಳಿಗೆ ಮೇಲೆ ಒಟ್ಟಿಗೆ ಇಟ್ಟೆವು. ಅರ್ಧ ತಾಸಿಗೆ ಅವನದು ಬೆಂದ ಶಾವಿಗೆ, ನನ್ನದು ಹಾಗೇ ಗಟ್ಟಿ. ಟ್ರಾಪಿಕಲ್ ಲೈನು ಚಳಿಗೆ ಮಾತ್ರ ಸುರುಳಿ ಬಿಡುವುದಿಲ್ಲ, ಬೀಸುವ ಮೊದಲು ಎಳೆದು ನೇರ ಮಾಡಿಕೊಳ್ಳಬೇಕು.

ಎರಡನೆಯದು, ತೇಲುವುದೋ ಮುಳುಗುವುದೋ. ತೇಲುವ ಲೈನು ಕಲಿಯಲು ಸುಲಭ. ಆದರೆ ಅಲೆ ಒಡೆಯುವ ಜಾಗದಲ್ಲಿ ಅಲೆ ಅದನ್ನು ಎತ್ತಿ ದಡಕ್ಕೆ ಎಸೆಯುತ್ತಲೇ ಇರುತ್ತದೆ. ದಾರ ಸಡಿಲವಾಗುತ್ತದೆ, ಮೀನು ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ. ಇಂಟರ್‌ಮೀಡಿಯೆಟ್ ಲೈನು ಸೆಕೆಂಡಿಗೆ ಒಂದೂವರೆ, ಎರಡು ಇಂಚು ಇಳಿದು ಅಲೆಯ ಕೆಳಗೆ ಕೂರುತ್ತದೆ. ತೆರೆದ ಬೀಚಿಗೆ ನಾನು ಇದನ್ನೇ ಒಯ್ಯುವುದು. ಮತ್ತೆ ಬೀಸುವ ಮುಂಚೆ ಹೆಚ್ಚುಕಮ್ಮಿ ಪೂರ್ತಿ ಎಳೆದುಕೊಳ್ಳಬೇಕು, ಅದೊಂದು ಕಿರಿಕಿರಿ. ಕಾಳಿ, ಗಂಗಾವಳಿ ನದಿಗಳು ಕಡಲು ಸೇರುವ ಅಳಿವೆಗಳ ಒಳಗೆ ನೀರು ಶಾಂತ, ಅಲ್ಲಿ ತೇಲುವುದೇ ಸರಿ.

ಲೈನು ಸುತ್ತುವ ರೀಲಿನಲ್ಲಿ ನೋಡಿದ್ದು ಒಂದೇ: ಬ್ರೇಕಿನ ಭಾಗ ಪೂರ್ತಿ ಸೀಲ್ ಆಗಿದೆಯಾ? ಉಪ್ಪು, ಮರಳು ಒಳಗೆ ಹೋದರೆ ಮುಗಿಯಿತು. ಲೈನಿನ ಹಿಂದೆ ಸುಮಾರು 150 ಮೀಟರ್ ಡೇಕ್ರಾನ್ (ಪಾಲಿಯೆಸ್ಟರ್) ದಾರ ಹಿಡಿಯುವಷ್ಟು ಜಾಗ ಇರಲಿ. ಬ್ರೇಕು ಬಿಗಿ ಮಾಡಲು ಗಂಜ್ ಮಾರುಕಟ್ಟೆಯಲ್ಲಿ ಸಿಗುವ ಸ್ಪ್ರಿಂಗ್ ಕಾಟಾ ಸಾಕು. ತುದಿಯ ದಾರ 16 ಪೌಂಡು ಅಂದರೆ 7 ಕಿಲೋ ಚಿಲ್ಲರೆ. ಅದರ ಕಾಲು ಭಾಗ, ಅಂದರೆ ಎರಡು ಕಿಲೋಗಿಂತ ಸ್ವಲ್ಪ ಕಮ್ಮಿಗೇ ರೀಲು ತಿರುಗಬೇಕು.

ಬೀಸುವುದನ್ನು ಎನ್.ವಿ. ಮೈದಾನದಲ್ಲಿ ಬೆಳಗಿನ ಜಾವ ಕಲಿತೆ, ಕೊಕ್ಕೆಯ ಬದಲು ಉಣ್ಣೆ ದಾರ ಕಟ್ಟಿ. “ಅಂಕಲ್, ಪತಂಗ ಎಲ್ಲಿ ಹೋಯ್ತ್ರಿ?” ಅಂತ ಗಾಳಿಪಟ ಹುಡುಕುತ್ತಾ ಹುಡುಗರು ಕೇಳುತ್ತಿದ್ದರು. ಗಾಳಿಯಲ್ಲಿ ಪಳಗಲು ಬೆಣ್ಣೆತೊರಾ ಡ್ಯಾಮಿನ ದಂಡೆ ಒಳ್ಳೆಯದು. ಗಾಳಿ ಬೆನ್ನಿಗಿದ್ದರೆ ಹಿಂದಿನ ಬೀಸು ತಗ್ಗಿನಲ್ಲಿ, ಮುಂದಿನದು ಎತ್ತರದಲ್ಲಿ. ಎದುರಿಗಿದ್ದರೆ ಇದರ ಉಲ್ಟಾ. ಬಲಗೈಯವರಿಗೆ ಬಲದಿಂದ ಗಾಳಿ ಬಂದರೆ ಕೊಕ್ಕೆ ಕಿವಿಗೇ ಬರುತ್ತದೆ, ಆಗ ಎಡಭುಜದ ಮೇಲಿಂದ ಬೀಸಿ. ಕನ್ನಡಕ, ಟೋಪಿ ಇಲ್ಲದೆ ಬೀಸಲೇಬೇಡಿ.

ಕೊಕ್ಕೆ ನಾನೇ ಕಟ್ಟುತ್ತೇನೆ. ಹೊರದೇಶದವರು ಜಿಂಕೆ ಬಾಲದ ಕೂದಲು ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಆ ಉಸಾಬರಿಯೇ ಬೇಡ. ಬಿಳಿ ಆಡಿನ ಬಾಲದ ಕೂದಲನ್ನು ಕಟುಕರ ಅಂಗಡಿಯಿಂದ ತಂದು ಸೋಪಿನಲ್ಲಿ ತೊಳೆದು ಒಣಗಿಸಿದರೆ ಕ್ಲೌಸರ್ ಮಿನ್ನೋ ಅನ್ನುವ, ಸಣ್ಣ ಮೀನಿನಂತೆ ಕಾಣುವ ಫ್ಲೈ ಚೆನ್ನಾಗಿಯೇ ಆಗುತ್ತದೆ. ಬಾಬ್ ಕ್ಲೌಸರ್ ಅನ್ನುವ ಅಮೆರಿಕದವರು 1980ರ ದಶಕದಲ್ಲಿ ಹೊಳೆ ಮೀನಿಗೆಂದು ಕಟ್ಟಿದ್ದು, ಈಗ ಉಪ್ಪುನೀರಿನವರೆಲ್ಲರ ಡಬ್ಬಿಯಲ್ಲೂ ಇದೆ. ತಲೆಗೆ ಕಟ್ಟುವ ಸೀಸದ ಕಣ್ಣಿನ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲಾಗಿ ಈಜುತ್ತದೆ, ಮರಳಿಗೆ ಸಿಕ್ಕುವುದಿಲ್ಲ. ಸೀಸದ ಕಣ್ಣಿನ ಬದಲು ಕೀಚೈನಿನ ಮಣಿ ಸರಪಳಿಯಿಂದ ಎರಡು ಮಣಿ ಕತ್ತರಿಸಿ ಕಟ್ಟಿದರೆ ಹಗುರ, ತಲೆಗೆ ಬಡಿದರೂ ಪೆಟ್ಟು ಕಮ್ಮಿ. ಸ್ಟೇನ್‌ಲೆಸ್ ಕೊಕ್ಕೆ 1/0 ಸೈಜಿನದು, ಮುಳ್ಳು ಇಕ್ಕಳದಿಂದ ಒತ್ತಿದ್ದು. ಇಷ್ಟಕ್ಕೆ ಸಣ್ಣ ಕೊಕ್ಕರ್ ಮೀನು ಬರುತ್ತದೆ.

ದಡದವರಿಗೆ ಬೇಕೇ ಬೇಕಾದ ಇನ್ನೊಂದು ಸಾಮಾನು ಸೊಂಟದ ಬುಟ್ಟಿ. ಎಳೆದುಕೊಂಡ ಲೈನು ಕಾಲಿಗೆ ಬಿದ್ದರೆ ಅಲೆ ಅದನ್ನು ಪಾದಕ್ಕೆ ಸುತ್ತಿ ಗಂಟು ಹಾಕುತ್ತದೆ. ರೊಕ್ಕ ಕೊಟ್ಟು ತರಿಸಬೇಕಿಲ್ಲ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಕಾದ ಮೊಳೆಯಿಂದ ತೂತು ಹಾಕಿ, ಕೇಬಲ್ ಟೈಗಳ ಬಾಲ ಒಳಗೆ ಮೇಲ್ಮುಖವಾಗಿ ನಿಲ್ಲುವ ಹಾಗೆ ಬಿಗಿದೆ. ಸುರುಳಿಗಳು ಅವುಗಳ ನಡುವೆ ಕೂರುತ್ತವೆ, ಒಂದಕ್ಕೊಂದು ಸಿಕ್ಕಾಗುವುದಿಲ್ಲ. ಹಳೆಯ ಬೆಲ್ಟು ತೂರಿಸಿದರೆ ಆಯಿತು.

ಹೋಗುವುದು ಮಳೆಗಾಲ ಮುಗಿದ ಮೇಲೆ. ಬೆಳಗಿನ ಜಾವ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಬೆನ್ನಿಗೆ ಆಸರೆ. ಅದೇ ಹೊತ್ತಿಗೆ ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರೆ ಆ ಕಡೆ ಹೋಗಲೇಬೇಡಿ. ಅವರ ಹೊಟ್ಟೆಪಾಡು, ನಮ್ಮದು ಶೋಕಿ.

ವಾಪಸ್ ಬಂದ ಮೇಲೆ ರೀಲಿನ ಬ್ರೇಕು ಬಿಗಿ ಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಪೈಪ್ ಹಿಡಿದು ರಭಸವಾಗಿ ಬಿಟ್ಟರೆ ಉಪ್ಪು ಒಳಗೆ ನುಗ್ಗುತ್ತದೆ. ನಮ್ಮ ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಕೊನೆಯ ತೊಳೆತಕ್ಕೆ ಕುಡಿಯುವ ನೀರಿನ ಕ್ಯಾನಿನಿಂದ ಒಂದು ಚೊಂಬು ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಬೈಯುತ್ತಾರೆ, ಬೈಯಲಿ. ಒರೆಸಿ, ನೆರಳಲ್ಲಿ ಒಣಗಿಸಿ, ಬ್ರೇಕು ಪೂರ್ತಿ ಸಡಿಲ ಮಾಡಿ ಇಡಿ. ಕಾರಿನ ಡಿಕ್ಕಿಯಲ್ಲಿ ಮಾತ್ರ ಬೇಡ.